ನೀರಿನ ಟಾಕಿಗೆ ಧ್ವನಿಯ ಅಳತೆಗೋಲು

ಮಾಳಿಗೆಯ ಮೇಲಿನ ಟಾಕಿಯಲ್ಲಿ ನೀರು ಎಷ್ಟಿದೆ ಎಂದು ತಿಳಿಯಲು ನಮ್ಮ ಬಹಳಷ್ಟು ಮನೆಗಳಲ್ಲಿ ಇಂದಿಗೂ ಎರಡೇ ಉಪಾಯಗಳು. ಒಂದು, ಯಾರಾದರೂ ನಿಚ್ಚಣಿಕೆ ಹತ್ತಿ ಮುಚ್ಚಳ ತೆಗೆದು ನೋಡುವುದು. ಇನ್ನೊಂದು, ತುಂಬಿ ಚೆಲ್ಲಿದ ನೀರು ಅಂಗಳಕ್ಕೆ ಬಿದ್ದ ಸಪ್ಪಳ ಕೇಳಿ ಓಡಿಹೋಗಿ ಮೋಟಾರ್ ಬಂದ್ ಮಾಡುವುದು. ದುಡಿಯುವವರು ಅಂಗಡಿಯಲ್ಲಿ, ಮಕ್ಕಳು ಶಾಲೆಯಲ್ಲಿ ಇರುವ ಹೊತ್ತಿಗೆ ಈ ಕೆಲಸ ಮನೆಯ ಹಿರಿಯರ ಪಾಲಿಗೆ ಬರುತ್ತದೆ. ಒದ್ದೆ ಮಾಳಿಗೆಯ ಮೇಲೆ ಅರವತ್ತು ದಾಟಿದವರು ಕಾಲು ಜಾರಿ ಬಿದ್ದರೆ ಆಗುವ ನೋವು, ಖರ್ಚು ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಚೆಲ್ಲಿಹೋದ ನೀರಿನ ಬೆಲೆಯನ್ನು ಜತ್ತ, ಅಕ್ಕಲಕೋಟ, ಸೋಲಾಪುರದ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದವರೇ ಬಲ್ಲರು.

ಈ ತೊಂದರೆಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರಿಹಾರವಿದೆ. ಅದೇ ದೂರ ಅಳೆಯುವ ಸೆನ್ಸರ್. ನಾನು ಹತ್ತನೇ ಇಯತ್ತೆಯವರೆಗೆ ಓದಿದ ವ್ಯಾಪಾರಿ. ನಮ್ಮ ಮನೆಯ ಟಾಕಿಗೆ ಮೊಮ್ಮಗ ಇದನ್ನು ಕೂಡಿಸುವಾಗ ಪಕ್ಕದಲ್ಲಿ ಕುಳಿತು ಕೇಳಿ ತಿಳಿದುಕೊಂಡದ್ದನ್ನು ನನ್ನಂಥವರಿಗೂ ತಿಳಿಯುವ ಮಾತಿನಲ್ಲಿ ಇಲ್ಲಿ ಬರೆದಿದ್ದೇನೆ.

ಪ್ರತಿಧ್ವನಿಯ ಲೆಕ್ಕ

ಬಿಜಾಪುರದ ಗೋಲಗುಂಬಜದಲ್ಲಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳದವರು ನಮ್ಮಲ್ಲಿ ವಿರಳ. ಧ್ವನಿ ಹೋಗಿ ಗೋಡೆಗೆ ತಾಗಿ ಮರಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಅಳೆದರೆ ಗೋಡೆ ಎಷ್ಟು ದೂರವಿದೆ ಎಂದು ತಿಳಿಯುತ್ತದೆ. ಬಾವಲಿ ಕತ್ತಲಲ್ಲಿ ಹಾರುವುದೂ ಇದೇ ಉಪಾಯದಿಂದ. ಅದರ ಕೂಗು ನಮ್ಮ ಕಿವಿಗೆ ಕೇಳಿಸದು. ಅಮೆರಿಕದ ಡೊನಾಲ್ಡ್ ಗ್ರಿಫಿನ್ ಮತ್ತು ಪಿಯರ್ಸ್ ಎಂಬ ವಿಜ್ಞಾನಿಗಳು 1938ರಲ್ಲಿ ಅದನ್ನು ಯಂತ್ರದ ಸಹಾಯದಿಂದ ಹಿಡಿದು ತೋರಿಸಿದರು.

ಪೇಟೆಯಲ್ಲಿ ಸಿಗುವ ಎಚ್.ಸಿ.-ಎಸ್.ಆರ್.04 ಎಂಬ ಸೆನ್ಸರ್ ಕೂಡ ಬಾವಲಿಯಂತೆಯೇ. ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಇದಕ್ಕೆ ಎರಡು ಕಣ್ಣುಗಳಂತಹ ಡಬ್ಬಿಗಳಿವೆ. ಒಂದು ಧ್ವನಿ ಬಿಡುತ್ತದೆ, ಇನ್ನೊಂದು ಆಲಿಸುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗೆ ಮಾತ್ರ ಕೇಳಿಸಿದರೆ, ಇದರ ಧ್ವನಿ 40,000 ಕಂಪನದ್ದು. 2 ಸೆಂ.ಮೀ.ನಿಂದ 400 ಸೆಂ.ಮೀ.ವರೆಗಿನ ದೂರವನ್ನು ಅಳೆಯುತ್ತದೆ.

ಧ್ವನಿ ಹೋಗಿ ಬರಲು ಹಿಡಿದ ಹೊತ್ತನ್ನು ಮೈಕ್ರೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ ತೆಗೆದುಕೊಂಡು 58ರಿಂದ ಭಾಗಿಸಿದರೆ ದೂರ ಸೆಂ.ಮೀ.ನಲ್ಲಿ ಬರುತ್ತದೆ. ಉದಾಹರಣೆಗೆ 5,800 ಮೈಕ್ರೊಸೆಕೆಂಡ್ ಹಿಡಿದರೆ ನೀರು 100 ಸೆಂ.ಮೀ. ಕೆಳಗಿದೆ ಎಂದರ್ಥ. ಸೆನ್ಸರಿನಿಂದ ಟಾಕಿಯ ತಳ 130 ಸೆಂ.ಮೀ. ಇದ್ದರೆ ನೀರಿನ ಎತ್ತರ 30 ಸೆಂ.ಮೀ. ಟಾಕಿಯ ವ್ಯಾಸ 110 ಸೆಂ.ಮೀ. ಇದ್ದಲ್ಲಿ ಪ್ರತಿ ಸೆಂ.ಮೀ. ಎತ್ತರಕ್ಕೆ ಸುಮಾರು 9½ ಲೀಟರ್ ಆಗುತ್ತದೆ. ಅಂದರೆ ಉಳಿದಿರುವ ನೀರು ಸುಮಾರು 285 ಲೀಟರ್. ವಹಿಯಲ್ಲಿ ಶಿಲ್ಕು ನೋಡಿದಂತೆ ನೀರಿನ ಶಿಲ್ಕನ್ನೂ ಕೆಳಗೆ ಕುಳಿತೇ ನೋಡಬಹುದು.

ಏನೇನು ಬೇಕು?

ಟಾಕಿಯೊಳಗೆ ಸದಾ ಆವಿ ಇರುವುದರಿಂದ ಮೇಲೆ ಹೇಳಿದ ತೆರೆದ ಸೆನ್ಸರ್ ಬಹಳ ಕಾಲ ಬಾಳುವುದಿಲ್ಲ. ಅದು ಮಕ್ಕಳು ಕಲಿಯುವುದಕ್ಕೆ ಸಾಕು. ಟಾಕಿಗೆ ಜೆ.ಎಸ್.ಎನ್.-ಎಸ್.ಆರ್.04ಟಿ ಎಂಬ, ನೀರಿಗೆ ಹೆದರದ ಸೆನ್ಸರ್ ತರಬೇಕು. ಇದರ ತಲೆ ಉದ್ದನೆಯ ಕೇಬಲ್ಲಿನ ತುದಿಯಲ್ಲಿರುವುದರಿಂದ ತಲೆ ಮಾತ್ರ ಟಾಕಿಯಲ್ಲಿದ್ದು, ಉಳಿದ ಭಾಗ ಹೊರಗಿನ ಡಬ್ಬಿಯಲ್ಲಿ ಒಣಗಿರುತ್ತದೆ. ಬೆಳಕಿನಿಂದ ಅಳೆಯುವ ಸೆನ್ಸರುಗಳೂ ಇವೆ. ಆದರೆ ತಿಳಿ ನೀರಿನಲ್ಲಿ ಬೆಳಕು ಒಳಗೆ ಹೊಕ್ಕು ಲೆಕ್ಕ ಕೆಡುತ್ತದೆ.

ಲೆಕ್ಕ ಮಾಡಲು ಒಂದು ಚಿಕ್ಕ ಬೋರ್ಡ್ ಬೇಕು. ಇಟಲಿಯ ಇವ್ರೇಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದು ರೂಪುಗೊಂಡ ಆರ್ಡುಯಿನೊ ಕಲಿಯಲು ಸುಲಭ. ಮೊಬೈಲಿನಲ್ಲಿ ನೀರಿನ ಮಟ್ಟ ನೋಡಬೇಕೆಂದರೆ ವೈಫೈ ಇರುವ ಇ.ಎಸ್.ಪಿ.8266 ಬೋರ್ಡ್ ಅನುಕೂಲ. ಒಂದು ಎಚ್ಚರಿಕೆ: ಸೆನ್ಸರ್ 5 ವೋಲ್ಟಿನದು, ಈ ಬೋರ್ಡ್ 3.3 ವೋಲ್ಟಿನದು. ಆದ್ದರಿಂದ ಸೆನ್ಸರಿನ ಎಕೋ ತಂತಿಯನ್ನು ನೇರವಾಗಿ ಜೋಡಿಸದೆ 1 ಮತ್ತು 2 ಕಿಲೊಓಮಿನ ಎರಡು ರೆಸಿಸ್ಟರುಗಳ ಮೂಲಕ ವೋಲ್ಟೇಜ್ ಇಳಿಸಬೇಕು.

ಕೂಡಿಸುವ ಕ್ರಮ

1. ಸೆನ್ಸರಿನ ತಲೆ ನೆಟ್ಟಗೆ ಕೆಳಮುಖವಾಗಿರಲಿ. ನೀರು ಬೀಳುವ ಪೈಪಿನಿಂದಲೂ ಟಾಕಿಯ ಗೋಡೆಯಿಂದಲೂ ದೂರವಿರಲಿ.

2. ಈ ಸೆನ್ಸರಿಗೆ ತೀರ ಹತ್ತಿರದ್ದು ಕಾಣುವುದಿಲ್ಲ. 20-25 ಸೆಂ.ಮೀ.ಗಿಂತ ಹತ್ತಿರ ನೀರು ಬಂದರೆ ಸುಳ್ಳು ಲೆಕ್ಕ ಹೇಳುತ್ತದೆ. ಆದಕಾರಣ ಟಾಕಿ ತುಂಬಿದಾಗಲೂ ನೀರಿಗೂ ಸೆನ್ಸರಿಗೂ 30 ಸೆಂ.ಮೀ. ಅಂತರ ಉಳಿಯುವಂತೆ ಎತ್ತರಿಸಿ ಕೂಡಿಸಬೇಕು.

3. ಒಂದೇ ಅಳತೆಯನ್ನು ನಂಬಬಾರದು. ಐದು ಸಲ ಅಳೆದು, ಏರಿಕೆಯ ಕ್ರಮದಲ್ಲಿ ಬರೆದು, ನಡುವಿನದನ್ನು ಹಿಡಿಯಬೇಕು.

4. ಚಾಲೂ ಮಾಡಲು ಒಂದು ಗುರುತು, ಬಂದ್ ಮಾಡಲು ಇನ್ನೊಂದು ಗುರುತು ಇರಬೇಕು. ನೀರಿನ ಎತ್ತರ 25 ಸೆಂ.ಮೀ.ಗೆ ಇಳಿದಾಗ ಮೋಟಾರ್ ಚಾಲೂ, 100 ಸೆಂ.ಮೀ. ಆದಾಗ ಬಂದ್. ಒಂದೇ ಗುರುತಿದ್ದರೆ ನೀರು ಅಲುಗಿದಾಗಲೆಲ್ಲ ಮೋಟಾರ್ ಹತ್ತಿ ಆರಿ ಸುಟ್ಟುಹೋದೀತು.

5. ಬೇಸಿಗೆಯ ಲೆಕ್ಕ ಬೇರೆ. ಧ್ವನಿ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡಿದರೆ 40 ಡಿಗ್ರಿಯಲ್ಲಿ ಸುಮಾರು 355 ಮೀಟರ್ ಓಡುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ 100 ಸೆಂ.ಮೀ. ದೂರ ಸುಮಾರು ಮೂರು ಸೆಂ.ಮೀ.ನಷ್ಟು ಕಡಿಮೆ ಕಾಣುತ್ತದೆ, ಅಂದರೆ ನೀರು ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ಮನೆಯ ಬಳಕೆಗೆ ಇದು ದೊಡ್ಡದಲ್ಲ. ಬೇಕಾದವರು ಉಷ್ಣತೆಯ ಸೆನ್ಸರ್ ಸೇರಿಸಿ ತಿದ್ದಿಕೊಳ್ಳಬಹುದು.

ಜೀವ ಮೊದಲು, ಮೋಟಾರ್ ಆಮೇಲೆ

ಬೋರ್ಡ್, ಸೆನ್ಸರುಗಳ 5 ವೋಲ್ಟಿನ ಕೆಲಸ ಮಕ್ಕಳಿಗೆ ಬಿಡಬಹುದು. 230 ವೋಲ್ಟಿನ ಕೆಲಸವನ್ನು ಮಾತ್ರ ಬಲ್ಲ ವೈರ್‌ಮನ್ ಕೈಯಿಂದಲೇ ಮಾಡಿಸಬೇಕು. ಮೋಟಾರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆದ್ದರಿಂದ ಚಿಕ್ಕ ರಿಲೇಯಿಂದ ಮೋಟಾರನ್ನು ನೇರವಾಗಿ ನಡೆಸಬಾರದು. ರಿಲೇ ಕಾಂಟ್ಯಾಕ್ಟರನ್ನು ಎಳೆಯಬೇಕು, ಕಾಂಟ್ಯಾಕ್ಟರ್ ಮೋಟಾರನ್ನು ನಡೆಸಬೇಕು. ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರಿನ ಸ್ವಿಚ್ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು.

ಇನ್ನು ಬೋರ್ಡಿಗೆ ಮೂರು ಕಟ್ಟಳೆಗಳನ್ನು ಬರೆಸಿಡಬೇಕು. ಸೆನ್ಸರಿನಿಂದ ಉತ್ತರ ಬಾರದಿದ್ದರೆ ಮೋಟಾರ್ ಬಂದ್ ಆಗಬೇಕು. ಮೋಟಾರ್ ಐದು ನಿಮಿಷ ಓಡಿದರೂ ನೀರು ಏರದಿದ್ದರೆ ಬಂದ್ ಆಗಬೇಕು. ಕೆಳಗಿನ ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ಚಾಲೂ ಆಗಲೇಬಾರದು. ಇದಕ್ಕಾಗಿ ತೊಟ್ಟಿಗೂ ಒಂದು ಸೆನ್ಸರ್ ಹಾಕಬಹುದು. ನೀರಿಲ್ಲದೆ ಓಡಿದ ಪಂಪಿನ ಸೀಲ್ ಬಿಸಿಯಾಗಿ ಕೆಡುತ್ತದೆ. ಅದರ ದುರಸ್ತಿಗೆ ಆಗುವ ಖರ್ಚಿನಲ್ಲಿ ಸೆನ್ಸರ್ ಎಷ್ಟೋ ಬರುತ್ತದೆ.

ಬರೀ ಟಾಕಿ ತುಂಬಿದಾಗ ಮೋಟಾರ್ ನಿಂತರೆ ಸಾಕು ಎನ್ನುವವರಿಗೆ ತೇಲುವ ಫ್ಲೋಟ್ ಸ್ವಿಚ್ಚೇ ಸಾಕು. ಅದು ಅಗ್ಗ, ಸರಳ. ನೀರು ಎಷ್ಟಿದೆ, ದಿನಕ್ಕೆ ಎಷ್ಟು ಖರ್ಚಾಯಿತು, ರಾತ್ರಿ ಯಾರೂ ಬಳಸದಾಗಲೂ ಮಟ್ಟ ಇಳಿಯುತ್ತಿದೆಯೇ ಎಂಬುದು ಬೇಕಾದವರಿಗೆ ಸೆನ್ಸರ್ ಬೇಕು. ರಾತ್ರಿ ಇಳಿಯುತ್ತಿದ್ದರೆ ಎಲ್ಲೋ ನಳವೋ ಪೈಪೋ ಸೋರುತ್ತಿದೆ ಎಂದು ತಿಳಿಯಬೇಕು. ಸೆನ್ಸರ್ ಹಾಕಿದವರೂ ಫ್ಲೋಟ್ ಸ್ವಿಚ್ಚನ್ನು ಎರಡನೆಯ ಕಾವಲಿಗೆ ಇಟ್ಟುಕೊಳ್ಳುವುದು ಜಾಣತನ.

ಇದೇ ಸೆನ್ಸರನ್ನು ಗೋಡೆಗೆ ಹಾಕಿ ಗಾಡಿ ಹಿಂದಕ್ಕೆ ತೆಗೆಯುವಾಗ ಎಚ್ಚರಿಸಲು, ಮೆಟ್ಟಿಲಿನ ದೀಪ ಹತ್ತಿಸಲು ಕೂಡ ಬಳಸಬಹುದು. ಬಟ್ಟೆ, ಹತ್ತಿಯಂತಹ ಮೆತ್ತನೆಯ ವಸ್ತುಗಳು ಧ್ವನಿಯನ್ನು ಹೀರುವುದರಿಂದ ಬಟ್ಟೆ ಅಂಗಡಿಯ ಗೋದಾಮಿನಲ್ಲಿ ಮಾತ್ರ ಇದರ ಅಳತೆಯನ್ನು ನೆಚ್ಚುವಂತಿಲ್ಲ.

ಶಾಲೆ, ಕಾಲೇಜಿನ ಮಕ್ಕಳಿರುವ ಮನೆಯವರು ಬರುವ ರಜೆಯಲ್ಲಿ ಈ ಕೆಲಸವನ್ನು ಅವರಿಗೆ ಒಪ್ಪಿಸಿ ನೋಡಬೇಕು. ಮೊದಲು ಬಕೆಟ್ಟಿನ ನೀರನ್ನು ಅಳೆಯಲಿ, ಅಳತೆಪಟ್ಟಿ ಹಿಡಿದು ತಾಳೆ ನೋಡಲಿ. ಎರಡೂ ಲೆಕ್ಕ ಕೂಡಿಬಂದ ಮೇಲೆ ಟಾಕಿಗೆ ಹೋಗಲಿ. ಮೊದಲ ಹದಿನೈದು ದಿನ ಮೋಟಾರಿಗೆ ಜೋಡಿಸದೆ ಮಟ್ಟವನ್ನಷ್ಟೇ ನೋಡಿ ಬರೆದಿಟ್ಟುಕೊಂಡು, ಆಮೇಲೆ ವೈರ್‌ಮನ್‌ನನ್ನು ಕರೆಯುವುದು ಒಳ್ಳೆಯದು.