ನೆರೆಮನೆಯ ಬೆಳಕು

ಸೊಲ್ಲಾಪುರದ ಕಡೆಗೆ ಹೊರಟ ಎತ್ತರದ ವಿದ್ಯುತ್ ಗೋಪುರಗಳ ಸಾಲೊಂದು ನಮ್ಮ ಸೀಮೆಯ ಜೋಳದ ಹೊಲಗಳನ್ನು ದಾಟಿಕೊಂಡು ಹೋಗಿರುವುದನ್ನು ಈ ಭಾಗದ ಓದುಗ ಬಂಧುಗಳು ಕಂಡೇ ಇರುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಏಳನೆಯ ತರಗತಿಗೆ ಭೂಗೋಳ ಪಾಠ ಹೇಳುತ್ತಿದ್ದಾಗ ಕರೆಂಟು ಹೋಗಿ ಕೋಣೆ ಕತ್ತಲಾಯಿತು. ಹಿಂದಿನ ಸಾಲಿನ ಹುಡುಗನೊಬ್ಬ ಕಿಟಕಿಯಾಚೆ ಕೈ ತೋರಿಸಿ, “ಸರ್, ಅಷ್ಟ್ ದೊಡ್ಡ ತಂತಿ ನಮ್ ಹೊಲದ ಮ್ಯಾಲೇ ಹೋಗೇತಿ, ನಮ್ ಸಾಲಿಗೆ ಯಾಕ್ ಕರೆಂಟ್ ಇಲ್ರೀ?” ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ಪ್ರಶ್ನೆ ಮಾತ್ರ ನಗುವಂಥದಾಗಿರಲಿಲ್ಲ.

ಆ ತಂತಿ ದಾರಿಯಲ್ಲಿರುವ ಹಳ್ಳಿಗಳಿಗೆ ಬೆಳಕು ಹಂಚಲು ಎಳೆದದ್ದಲ್ಲ. ಅದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗ. 2013ರ ಡಿಸೆಂಬರ್ 31ರಂದು ಈ ಮಾರ್ಗದ ಮೂಲಕವೇ ದಕ್ಷಿಣ ಭಾರತದ ವಿದ್ಯುತ್ ಜಾಲವು ಉಳಿದ ಭಾರತದ ಜಾಲದೊಡನೆ ಹೆಜ್ಜೆಗೂಡಿತು. ಹೆಜ್ಜೆಗೂಡುವುದೆಂದರೆ ಏನೆಂಬುದನ್ನು ಒಕ್ಕಲುತನದ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಒಂದೇ ಹೆಜ್ಜೆಯಲ್ಲಿ ನಡೆಯಬೇಕಷ್ಟೆ? ಹಾಗೆಯೇ ಒಂದು ಜಾಲಕ್ಕೆ ಸೇರಿದ ಉತ್ಪಾದನಾ ಯಂತ್ರಗಳೆಲ್ಲವೂ ಸೆಕೆಂಡಿಗೆ 50 ಆವರ್ತಗಳ ಒಂದೇ ಲಯಕ್ಕೆ ಒಳಪಟ್ಟು ತಿರುಗಬೇಕು. ಒಂದು ಎಡವಿದರೆ ಮತ್ತೊಂದರ ಕೊರಳಿಗೂ ಪೆಟ್ಟು.

ಆ ಪೆಟ್ಟನ್ನು ದೇಶ 2012ರಲ್ಲಿ ಕಂಡಿತು. ಜುಲೈ 30 ಮತ್ತು 31ರಂದು ಉತ್ತರದ ಜಾಲ ಕುಸಿಯಿತು; ಎರಡನೆಯ ದಿನ ಪೂರ್ವ ಹಾಗೂ ಈಶಾನ್ಯದ ಜಾಲಗಳನ್ನೂ ಅದು ತನ್ನೊಡನೆ ಎಳೆದುಕೊಂಡಿತು. ದಕ್ಷಿಣ ಉಳಿದುಕೊಂಡಿತು, ಏಕೆಂದರೆ ಆಗಿನ್ನೂ ಅದು ಅದೇ ನೊಗಕ್ಕೆ ಸೇರಿರಲಿಲ್ಲ. ಇಷ್ಟನ್ನು ಕಂಡೂ ಮರುವರ್ಷವೇ ದಕ್ಷಿಣವನ್ನು ಜೋಡಿಸಿದರೆಂದರೆ, ಕೂಡಿ ನಡೆಯುವುದರ ಲಾಭವು ಎಡವುವ ಭಯಕ್ಕಿಂತ ದೊಡ್ಡದೆಂದು ತಿಳಿದವರು ಲೆಕ್ಕ ಹಾಕಿದ್ದರು.

ಒಂದು ದೇಶದೊಳಗಿನ ಪ್ರಾಂತಗಳ ನಡುವೆಯೇ ಇಷ್ಟು ಲೆಕ್ಕಾಚಾರವಾದರೆ ಬೇರೆ ಬೇರೆ ದೇಶಗಳ ಪಾಡೇನು? ಗಡಿನಾಡಿನವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಗಡಿಯೆಂದರೆ ನಮಗೆ ಬಸ್ಸಿನ ಬೋರ್ಡು, ಪಠ್ಯಪುಸ್ತಕ, ಕಚೇರಿಯ ಅರ್ಜಿಯ ಭಾಷೆ.

1986ರ ನವೆಂಬರಿನಲ್ಲಿ ದಕ್ಷಿಣ ಏಷ್ಯಾದ ಏಳು ರಾಷ್ಟ್ರಗಳ ನಾಯಕರು ಬೆಂಗಳೂರಿನಲ್ಲಿ ಸೇರಿದಾಗ ನಾನು ಹೈಸ್ಕೂಲು ವಿದ್ಯಾರ್ಥಿ. ಹಿಂದಿನ ವರ್ಷದ ಡಿಸೆಂಬರಿನಲ್ಲಿ ಢಾಕಾದಲ್ಲಿ ಹುಟ್ಟಿದ ಸಾರ್ಕ್ ಸಂಘಟನೆಯ ಎರಡನೆಯ ಶೃಂಗಸಭೆ ಅದು. ಸಂಘಟನೆಯ ಕಾರ್ಯಾಲಯವನ್ನು ಕಠ್ಮಂಡುವಿನಲ್ಲಿ ತೆರೆಯುವ ಒಪ್ಪಂದವಾದದ್ದು ಅಲ್ಲಿಯೇ. ರೇಡಿಯೋದ ವಾರ್ತೆ ಕೇಳುತ್ತ ನಮ್ಮ ತಂದೆಯವರು, “ಮಂದಿ ಕೂಡಿ ಊಟ ಮಾಡಿದ್ರ ಸಾಲ್ದು, ಕೂಡಿ ಬಾವಿ ತೋಡ್ಬೇಕು” ಎಂದದ್ದು ಇನ್ನೂ ಕಿವಿಯಲ್ಲಿದೆ. 2014ರ ನವೆಂಬರಿನಲ್ಲಿ ಕಠ್ಮಂಡುವಿನ ಹದಿನೆಂಟನೆಯ ಶೃಂಗಸಭೆ ವಿದ್ಯುತ್ ಸಹಕಾರದ ಚೌಕಟ್ಟೊಂದಕ್ಕೆ ಸಹಿ ಹಾಕಿತು. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಿದ್ದ ಮುಂದಿನ ಸಭೆ ನಡೆಯಲೇ ಇಲ್ಲ. ಅಲ್ಲಿಂದಾಚೆ ಶೃಂಗಸಭೆಯೇ ಇಲ್ಲ.

ಆದರೆ ಬಾವಿ ತೋಡುವ ಕೆಲಸ ಬೇರೊಂದು ಕಡೆ ಮೊದಲೇ ಆರಂಭವಾಗಿತ್ತು. ಭೂತಾನದ ವಾಂಗ್‌ಛು ನದಿಯ ಮೇಲೆ ಚುಖಾ ಜಲವಿದ್ಯುತ್ ಯೋಜನೆಗೆ 1974ರಲ್ಲಿಯೇ ಭಾರತವು ಭೂತಾನದೊಡನೆ ಒಪ್ಪಂದ ಮಾಡಿಕೊಂಡಿತು. ವೆಚ್ಚವೆಲ್ಲ ಭಾರತದ್ದು: ಶೇಕಡ 60 ಅನುದಾನ, 40 ಸಾಲ. 1980ರ ದಶಕದ ಉತ್ತರಾರ್ಧದಲ್ಲಿ 336 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರ ನಡೆಯತೊಡಗಿತು. ಭೂತಾನ ತನಗೆ ಬೇಕಾದಷ್ಟನ್ನು ಬಳಸಿ ಉಳಿದುದನ್ನು ಭಾರತಕ್ಕೆ ಮಾರಿತು. ಆ ಹಣದಿಂದ ಸಾಲ ತೀರಿಸಿತು. ಎರಡೂ ಮನೆಗೆ ಒಪ್ಪುವ ವ್ಯವಹಾರ. ಮುಂದೆ 1020 ಮೆಗಾವಾಟಿನ ತಾಲಾ, 2019ರಲ್ಲಿ 720 ಮೆಗಾವಾಟಿನ ಮಂಗ್ದೆಛು ಬಂದವು. ಆದರೆ ಮಂಗ್ದೆಛುವಿನ ವೇಳೆಗೆ ಲೆಕ್ಕ ತಿರುಗಿ ಅನುದಾನ ಶೇಕಡ 30, ಸಾಲ 70 ಆಗಿತ್ತು. ಸಣ್ಣ ದೇಶದ ಹೆಗಲಿಗೆ ಇದು ಹಗುರವಲ್ಲ ಎಂಬುದು ನನ್ನ ಅಭಿಪ್ರಾಯ.

ನೇಪಾಳದ ಕಥೆ ಬೇರೆ. ಹಿಮಾಲಯದ ಮಡಿಲಲ್ಲಿದ್ದೂ ಆ ದೇಶದ ಜನ ಒಂದು ಕಾಲಕ್ಕೆ ಚಳಿಗಾಲದಲ್ಲಿ ದಿನಕ್ಕೆ 16 ಗಂಟೆಯವರೆಗೂ ಕತ್ತಲಲ್ಲಿದ್ದರು. ಅಲ್ಲಿನ ನದಿಗಳು ಹಿಮ ಕರಗಿ ಮಳೆ ಸುರಿಯುವಾಗ ಉಕ್ಕುತ್ತವೆ, ಚಳಿಗಾಲದಲ್ಲಿ ಸೊರಗುತ್ತವೆ. ಬೇಸಿಗೆ-ಮಳೆಗಾಲದಲ್ಲಿ ಮಿಗತೆ, ಚಳಿಯಲ್ಲಿ ಕೊರತೆ. ಬಾಂಗ್ಲಾದೇಶಕ್ಕೆ ವಿದ್ಯುತ್ತಿನ ಹಸಿವು ಹೆಚ್ಚುವುದು ನೇಪಾಳದಲ್ಲಿ ಮಿಗುವ ಆ ಸೆಕೆಯ ತಿಂಗಳುಗಳಲ್ಲಿಯೇ. ಒಬ್ಬನ ಹಗೇವು ತುಂಬಿದಾಗ ಇನ್ನೊಬ್ಬನ ಒಲೆ ಕಾದಿರುತ್ತದೆ. ನಡುವೆ ಮಾತ್ರ ಭಾರತದ ನೆಲವಿದೆ.

ಹೀಗಾಗಿ ಮೂರು ಮನೆಗಳು ಒಪ್ಪಬೇಕಾಯಿತು. ಬಾಂಗ್ಲಾದೇಶದ ಗಲಭೆಯಿಂದ ಮುಂದೆ ಹೋದ ಸಹಿ, ಅಲ್ಲಿ ಸರಕಾರ ಬದಲಾದ ಮೇಲೆ, 2024ರ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ಬಿತ್ತು. ಪ್ರಮಾಣ 40 ಮೆಗಾವಾಟ್; ಯೂನಿಟ್ಟಿಗೆ 6.4 ಅಮೆರಿಕನ್ ಸೆಂಟ್. ಪ್ರತಿವರ್ಷ ಜೂನ್ 15ರಿಂದ ನವೆಂಬರ್ 15ರವರೆಗೆ. ನೇಪಾಳದ ಢಲ್ಕೇಬರ್‌ನಿಂದ ಬಿಹಾರದ ಮುಜಫ್ಫರ್‌ಪುರ, ಅಲ್ಲಿಂದ ಭಾರತದ ಜಾಲದೊಳಗೆ ಪಶ್ಚಿಮ ಬಂಗಾಳದ ಬಹರಾಂಪುರ, ಅಲ್ಲಿಂದ ಗಡಿ ದಾಟಿ ಬಾಂಗ್ಲಾದೇಶದ ಭೇರಾಮಾರಾ — ಇದು ದಾರಿ. ನೇಪಾಳದ ಅದೇ ವಿದ್ಯುತ್ತು ಭೇರಾಮಾರಾ ತಲುಪುತ್ತದೆಂದು ತಿಳಿಯಬೇಡಿ. ಕೆರೆಯ ಈ ದಂಡೆಯಲ್ಲಿ ಒಬ್ಬ ಒಂದು ಕೊಡ ಸುರಿದರೆ ಆ ದಂಡೆಯಲ್ಲಿ ಇನ್ನೊಬ್ಬ ಒಂದು ಕೊಡ ತುಂಬಿಕೊಂಡಂತೆ. ಮುಖ್ಯವಾದದ್ದು ಅಳತೆಯ ಲೆಕ್ಕ.

ಸಹಿಯಾದ ವರ್ಷ ವಿದ್ಯುತ್ತು ಹರಿದದ್ದು ನವೆಂಬರ್ 15ರ ಒಂದೇ ದಿನ! ಅವಧಿಯ ಕಡೆಯ ದಿನವದು. 2025ರ ಜೂನ್ 15ರಿಂದ ಮತ್ತೆ ಹರಿಯತೊಡಗಿತು. ನಾನು ಮಕ್ಕಳಿಂದ ಕರಿಹಲಗೆಯ ಮೇಲೆ ಗುಣಾಕಾರ ಮಾಡಿಸಿದೆ: 40 ಮೆಗಾವಾಟ್ ಇಡೀ ದಿನ ಹರಿದರೆ 9 ಲಕ್ಷ 60 ಸಾವಿರ ಯೂನಿಟ್. ಮಕ್ಕಳಿಗೆ ಅದು ಬಹಳವೆನಿಸಿತು. ಮಂಗ್ದೆಛುವಿನ ಪಕ್ಕದಲ್ಲಿಟ್ಟರೆ ಅದು ಹದಿನೆಂಟರಲ್ಲಿ ಒಂದು ಪಾಲು.

ಇಷ್ಟು ಸಣ್ಣ ಕೊಡಕ್ಕೆ ಇಷ್ಟು ವರ್ಷ ಏಕೆ ಬೇಕಾಯಿತು? ನಡುಮನೆಯವನ ಒಪ್ಪಿಗೆಯಿಲ್ಲದೆ ಅಂಗಳ ದಾಟುವಂತಿಲ್ಲ, ಅದಕ್ಕೆ. ಚೀನಾದ ಬಂಡವಾಳವಿರುವ ಸ್ಥಾವರಗಳ ವಿದ್ಯುತ್ತನ್ನು ಭಾರತ 2021ರ ನಿಯಮಗಳ ಪ್ರಕಾರ ಕೊಳ್ಳುವುದಿಲ್ಲ. ಭದ್ರತೆಯ ಕಾರಣ ಸುಳ್ಳಲ್ಲ. ನೇಪಾಳದವರ ಅಸಮಾಧಾನವೂ ಸುಳ್ಳಲ್ಲ. 2024ರ ಜನವರಿಯಲ್ಲಿ, ಹತ್ತು ವರ್ಷಗಳಲ್ಲಿ ನೇಪಾಳದಿಂದ 10,000 ಮೆಗಾವಾಟ್ ಪಡೆಯುವ ಒಪ್ಪಂದಕ್ಕೆ ಭಾರತ ಸಹಿ ಹಾಕಿದೆ. ಕೊಳ್ಳುವವನು ಒಬ್ಬನೇ ಆದಾಗ ಮಾರುವವನ ಮಾತು ಎಷ್ಟು ನಡೆದೀತು ಎಂಬುದು ಸಂತೆಗೆ ಹೋದ ಯಾವ ರೈತನಿಗೂ ಗೊತ್ತು. ನೇಪಾಳಕ್ಕೆ ಆ 40 ಮೆಗಾವಾಟಿನ ಬೆಲೆ ಇರುವುದು ಇಲ್ಲಿ: ಅದಕ್ಕೆ ಎರಡನೆಯ ಗಿರಾಕಿ ಸಿಕ್ಕಿದ್ದಾನೆ.

ಕೊಳ್ಳುವವನಿಗೂ ಭಯವಿದೆ. ನೇಪಾಳ, ಭೂತಾನಗಳ ಜಾಲ ಭಾರತದೊಡನೆ ಹೆಜ್ಜೆಗೂಡಿ ನಡೆಯುತ್ತದೆ, ಬಾಂಗ್ಲಾದೇಶದ್ದು ಹಾಗಲ್ಲ. ಆದ್ದರಿಂದ 2013ರಲ್ಲಿ ಆರಂಭವಾದ ಭೇರಾಮಾರಾ ಕೇಂದ್ರದಲ್ಲಿ ಭಾರತದಿಂದ ಬಂದ ವಿದ್ಯುತ್ತನ್ನು ಮೊದಲು ಏಕಮುಖ ಪ್ರವಾಹಕ್ಕೆ ತಿರುಗಿಸಿ, ಮರಳಿ ಅಲ್ಲಿನ ಲಯಕ್ಕೆ ತಕ್ಕ ಪ್ರವಾಹವನ್ನಾಗಿ ಮಾಡುತ್ತಾರೆ. ಮಾತು ಬಿಟ್ಟ ಎರಡು ಮನೆಗಳ ನಡುವೆ ನೆರೆಯವಳೊಬ್ಬಳು ಪಾತ್ರೆ ಬದಲಿಸಿ ಪದಾರ್ಥ ದಾಟಿಸಿದ ಹಾಗೆ. 2014ರ ನವೆಂಬರ್ 1ರಂದು ಆ ಕೇಂದ್ರ ಹಠಾತ್ತನೆ ನಿಂತಾಗ ಬಾಂಗ್ಲಾದೇಶದ ಜಾಲ ಕುಸಿದು ದೇಶವೆಲ್ಲ ಕತ್ತಲಾಯಿತು. ಆದರೂ ಅವರು ತಂತಿಯನ್ನು ಕತ್ತರಿಸಲಿಲ್ಲ; 2018ರಲ್ಲಿ 500 ಮೆಗಾವಾಟಿನ ಆ ಕೇಂದ್ರವನ್ನು 1000ಕ್ಕೆ ಏರಿಸಿದರು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಬಂತು. ಅದೇ ಹುಡುಗ ಮತ್ತೆ ಎದ್ದು, “ನಡುವಿನವ್ರು ಸಿಟ್ಟಿಗೆದ್ದು ಬಂದ್ ಮಾಡಿದ್ರ?” ಎಂದ. ಆಗ ಚಳಿಗಾಲದಲ್ಲಿ ನೇಪಾಳಕ್ಕೆ ಭಾರತವೇ ವಿದ್ಯುತ್ತು ಕೊಡುತ್ತದೆಂಬುದನ್ನೂ, ಮಳೆಗಾಲದಲ್ಲಿ ನೇಪಾಳ, ಭೂತಾನಗಳ ನೀರು ಭಾರತದ ದೀಪಗಳನ್ನು ಉರಿಸುತ್ತದೆಂಬುದನ್ನೂ ಹೇಳಿದೆ. “ಹಂಗಾರ ಇಬ್ರಿಗೂ ನಷ್ಟ” ಎಂದು ಕುಳಿತುಕೊಂಡ. ಜೂನ್ 15 ಎಂಬ ತಾರೀಖನ್ನು ಮಕ್ಕಳು ಬೇಗ ನೆನಪಿಟ್ಟುಕೊಂಡರು. ನಮ್ಮ ಮಹಾರಾಷ್ಟ್ರದ ಶಾಲೆಗಳ ಬಾಗಿಲು ತೆರೆಯುವುದೂ ಹೆಚ್ಚುಕಡಿಮೆ ಅದೇ ದಿನ.