ರೋಜಾದಲ್ಲಿ ಕೋಶಗಳ ಮಾತುಕತೆ

ಸಹರಿಯ ರೊಟ್ಟಿ ಕರಗಿ ರಕ್ತದಲ್ಲಿ ಸಕ್ಕರೆ ಏರಿದಾಗ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಬಿಡುತ್ತವೆ. ಈ ಕೋಶಗಳ ನಡುವೆ ಸಣ್ಣ ಕಿಂಡಿಗಳಿವೆ; ಅದರಿಂದಲೇ ಅವು ಒಟ್ಟಿಗೆ ಕೆಲಸ ಮಾಡುತ್ತವೆ. ಇನ್ಸುಲಿನ್ ರಕ್ತದಲ್ಲಿ ಹರಿದು ದೂರದ ಕೋಶಗಳ ಗ್ರಾಹಕಕ್ಕೆ ಅಂಟಿಕೊಂಡಾಗ ಸುದ್ದಿ ಮುಟ್ಟುತ್ತದೆ. (ಗ್ರಾಹಕ ಅಂದರೆ ನಮ್ಮ ಕಾಮರ್ಸಿನ ಗಿರಾಕಿ ಅಲ್ಲ, ಸಂದೇಶ ಹಿಡಿಯುವ ಪ್ರೋಟೀನು!) ಆಗ ಯಕೃತ್ತು ಮುಧೋಳದ ಸಕ್ಕರೆ ಕಾರ್ಖಾನೆಯ ಗೋದಾಮಿನಂತೆ ಸಕ್ಕರೆಯನ್ನು ಕೂಡಿಡುತ್ತದೆ. ಮಧ್ಯಾಹ್ನ ಸಕ್ಕರೆ ಇಳಿದರೆ ಆಲ್ಫಾ ಕೋಶಗಳು ಗ್ಲುಕಗಾನ್ ಕಳಿಸಿ ಗೋದಾಮು ತೆರೆಸುತ್ತವೆ.

ನನ್ನ ದಾದಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಇದ್ದರೂ ಕೋಶಗಳು ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಕೆಲವು ಗುಳಿಗೆಗಳು ಉಪವಾಸದಲ್ಲೂ ಇನ್ಸುಲಿನ್ ಹೊರಡಿಸುತ್ತವೆ. ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ ಬಂದರೆ ತಕ್ಷಣ ಸಿಹಿ ತಿಂದು ರೋಜಾ ಬಿಡಬೇಕು. ಕಾಯಿಲೆಯವರಿಗೆ ಬೇರೆ ದಿನ ಹಿಡಿಯುವ ಅವಕಾಶ ಕುರ್‌ಆನಿನಲ್ಲೇ (2:184) ಇದೆ. ಗುಳಿಗೆಯ ಹೊತ್ತನ್ನು ರಂಜಾನಿಗೆ ಮೊದಲೇ ಡಾಕ್ಟರರನ್ನು ಕೇಳಿಕೊಳ್ಳಿ.