ಬೇಟೆಗೆ ಮೊದಲು ಪಾಠ

ಕೋವಿಯೊಂದಿದ್ದರೆ ಬೇಟೆಗೆ ಸಾಕೆಂದು ಎಣಿಸುವವರುಂಟು. ಅಮೇರಿಕದ ಕೊಲರಾಡೊ ಸಂಸ್ಥಾನದವರು ಇದನ್ನು ಒಪ್ಪರು. 1949ನೆಯ ಇಸವಿ ಜನವರಿ 1ರಂದಾಗಲಿ ಆಮೇಲಾಗಲಿ ಹುಟ್ಟಿದವನು, ಬೇಟೆಗಾರರ ಸುರಕ್ಷತೆಯ ಪಾಠವನ್ನು ಕಲಿತು ಪ್ರಮಾಣಪತ್ರವನ್ನು ಪಡೆದ ಹೊರತು, ಸಾಮಾನ್ಯವಾಗಿ ಅಲ್ಲಿ ಬೇಟೆಯ ಲೈಸೆನ್ಸನ್ನು ಕೊಳ್ಳಲಾರನು.

ಕಲಿಸುವುದೇನು? ಗುರಿಕಾರಿಕೆಯು ಮೊದಲಿನ ವಿಷಯವಲ್ಲ. ಕೈಗೆ ಬಂದ ಪ್ರತಿಯೊಂದು ಕೋವಿಯಲ್ಲಿಯೂ ಗುಂಡಿದೆಯೆಂದೇ ಭಾವಿಸತಕ್ಕದ್ದು. ನಳಿಗೆಯ ಬಾಯನ್ನು ಮನುಷ್ಯರ ಕಡೆಗೆ ತಿರುಗಿಸಲಾಗದು. ಹಾರಿಸುವ ಗಳಿಗೆಯವರೆಗೆ ಬೆರಳು ಟ್ರಿಗರನ್ನು ಮುಟ್ಟಕೂಡದು. ಬೇಲಿಯನ್ನು ದಾಟುವ ಮುನ್ನ ಗುಂಡನ್ನು ತೆಗೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದನ್ನು ಕಣ್ಣಾರೆ ಕಂಡಿರಬೇಕು. ಪೊದೆ ಅಲುಗಿದೊಡನೆ ಮಿಗವೆಂದು ಭ್ರಮಿಸಿ ಈಡು ಹಾರಿಸಿದರೆ, ಬಿದ್ದವನು ಜೊತೆಗೆ ಬಂದ ತಮ್ಮನೇ ಆಗಿರಬಹುದು!

ಆದುದರಿಂದಲೇ ದೊಡ್ಡ ಮೃಗಗಳನ್ನು ರೈಫಲಿನಿಂದ ಬೇಟೆಯಾಡುವ ಕಾಲದಲ್ಲಿ, ಕಣ್ಣು ಕೋರೈಸುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆಯನ್ನು ಸೊಂಟದ ಮೇಲೆ 500 ಚದರ ಅಂಗುಲಗಳಿಗೆ ಕಡಮೆಯಿಲ್ಲದಂತೆ ತೊಡಬೇಕು. ತಲೆಗೂ ಅದೇ ಬಣ್ಣದ ಟೊಪ್ಪಿಗೆ. ಜಿಂಕೆಯ ಕಣ್ಣು ಕಿತ್ತಳೆಯನ್ನು ನಮ್ಮಂತೆ ಗುರುತಿಸಲಾರದು. ಮನುಷ್ಯನಿಗೆ ದೂರದಿಂದಲೇ ತಿಳಿಯುವುದು. ಸೃಷ್ಟಿಯ ಈ ಭೇದವು ಎಷ್ಟು ಜೀವಗಳನ್ನು ಉಳಿಸಿತೋ!

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೇರೆಗೆ ವಿನೋದದ ಬೇಟೆಯು ನಿಷಿದ್ಧವಾದುದರಿಂದ ಇಂತಹ ಲೈಸೆನ್ಸಿನ ಮಾತೇ ಇಲ್ಲ. ಆದರೆ ಕೊಡಗು ಮಲೆನಾಡುಗಳ ಅನೇಕ ಮನೆಗಳಲ್ಲಿ ಕೋವಿಯೂ ಇದೆ, ಮಕ್ಕಳೂ ಇರುವರು. ಆ ಪಾಠದ ಒಂದು ಭಾಗವು ಅಂತಹ ಗೃಹಸ್ಥರಿಗೆ ಇಂದೇ ಬೇಕಾದುದು: ಕೋವಿಯನ್ನು ಬರಿದುಮಾಡಿ ಬೀಗದೊಳಗಿಡುವುದು, ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಅದಕ್ಕೂ ಬೀಗ ಹಾಕುವುದು, ಬೀಗದ ಕೈಗಳನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಕಾಯುವುದು.